ಅರ್ಹರಿಲ್ಲವೋ, ಅರ್ಹತೆ ಅಳೆಯಬಲ್ಲವರಿಲ್ಲವೋ?

ಮಾನ್ಯರೇ,

ತತ್ವಶಾಸ್ತ್ರ ವಿಭಾಗದ ಹುದ್ದೆಗೆ ‘ಅರ್ಹ ಅಭ್ಯರ್ಥಿಗಳು ದೊರೆಯಲಿಲ್ಲ’ ಎಂಬ ಕುಲಸಚಿವರ ಹೇಳಿಕೆಯನ್ನು ನಿನ್ನೆಯ ಸಂಚಿಕೆಯಲ್ಲಿ ಓದಿದೆ. ಹಾಗೆ ದೊರೆಯದೆ ಹೋದವರಲ್ಲಿ ನಾನೂ ಒಬ್ಬ. ದೃಢೀಕರಿಸಿದ ದಾಖಲೆಗಳ ಮೂರು ಪ್ರತಿಗಳನ್ನು ಹೊತ್ತು, ಕುರ್ಚಿಯೂ ಇಲ್ಲದ ಮೊಗಸಾಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತಿದ್ದ ನಾನು ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ಅದು ಸೋಜಿಗವೇ ಸರಿ.

ಸಂದರ್ಶನ ಸಮಿತಿಯವರು ಒಳಗೆ ಕರೆದ ಮೇಲೆ ಕೇಳಿದ ಮೊದಲ ಪ್ರಶ್ನೆ, ಜರ್ಮನ್ ತತ್ವಜ್ಞಾನಿ ಲೈಬ್ನಿಜ್‌ನನ್ನು ಓದಲು ಆತ ಹೆಚ್ಚಾಗಿ ಬರೆದ ಲ್ಯಾಟಿನ್, ಫ್ರೆಂಚ್ ಕಲಿಯುತ್ತ ವರ್ಷಗಳನ್ನು ಕಳೆದದ್ದೇಕೆ, ಇಂಗ್ಲಿಷ್ ಅನುವಾದಗಳಿಲ್ಲವೇ ಎಂಬುದು. ಆತನ ಸಮಗ್ರ ಬರಹಗಳ ಮೊದಲ ಸಂಪುಟ 1923ರಲ್ಲಿ ಹೊರಬಂದಿದ್ದರೂ ಆ ಸಂಪಾದನಾ ಕಾರ್ಯ ಇಂದಿಗೂ ಮುಗಿದಿಲ್ಲ, ಸಂಪಾದನೆಯೇ ಆಗದಿರುವುದಕ್ಕೆ ಅನುವಾದ ಎಲ್ಲಿಂದ ಬರಬೇಕು ಎಂದು ವಿನಯದಿಂದಲೇ ಉತ್ತರಿಸಿದೆ. ಆಮೇಲೆ ಅಂಕಗಳ ಲೆಕ್ಕ ಶುರುವಾಯಿತು. ಹಸ್ತಪ್ರತಿಗಳನ್ನು ಹೋಲಿಸಿ ಸರಿಯಾದ ಮೂಲಪಾಠ ನಿರ್ಣಯಿಸಿದ ನನ್ನ ಕೆಲಸ ‘ಸಂಶೋಧನಾ ಲೇಖನ’ದ ಕಲಮಿನೊಳಗೆ ಬರುವುದಿಲ್ಲವಂತೆ, ಹಾಗಾಗಿ ಅದಕ್ಕೆ ಸೊನ್ನೆ. 1770ರಲ್ಲಿ ಪ್ರಾಧ್ಯಾಪಕನಾದ ಜರ್ಮನ್ ತತ್ವಜ್ಞಾನಿ ಕಾಂಟ್, 1781ರಲ್ಲಿ ‘ಶುದ್ಧ ವಿವೇಕದ ವಿಮರ್ಶೆ’ಯನ್ನು ಹೊರತರುವವರೆಗೆ ಹೇಳಿಕೊಳ್ಳುವಂಥ ಯಾವ ಗ್ರಂಥವನ್ನೂ ಪ್ರಕಟಿಸಲಿಲ್ಲ. ಈ ಸಮಿತಿಯ ಕೈಗೆ ಸಿಕ್ಕಿದ್ದರೆ ಆತನಿಗೆ ವೇತನ ಬಡ್ತಿಯಿರಲಿ, ಕಾರಣ ಕೇಳುವ ನೋಟಿಸೇ ಬರುತ್ತಿತ್ತು. 1745ರಲ್ಲಿ ಎಡಿನ್‌ಬರೋದಲ್ಲಿ, ಮುಂದೆ ಗ್ಲ್ಯಾಸ್ಗೋದಲ್ಲಿಯೂ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್‌ಗೆ ಪ್ರಾಧ್ಯಾಪಕ ಪೀಠ ತಪ್ಪಿದ್ದು ನಾಸ್ತಿಕನೆಂಬ ಗುಮಾನಿಯಿಂದ. ಅವನನ್ನು ಬೇಡವೆಂದವರು ಅವನ ವಿಚಾರಗಳಿಗೆ ಹೆದರಿದ್ದರು. ನಮ್ಮವರಿಗೆ ಆ ಕಷ್ಟವೂ ಇಲ್ಲ, ಪುಟ ತೆರೆದಿದ್ದರಲ್ಲವೇ ಹೆದರುವುದು!

ಇದೇನೂ ಹೊಸದಲ್ಲ. ಕಳೆದ ಸಲ ಇದೇ ಹುದ್ದೆಗೆ ಅರ್ಜಿ ಕರೆದು, ಶುಲ್ಕ ಕಟ್ಟಿಸಿಕೊಂಡು, ಕಾರಣ ತಿಳಿಸದೆ ಅಧಿಸೂಚನೆಯನ್ನೇ ರದ್ದುಪಡಿಸಿದರು. ಶುಲ್ಕ ಇನ್ನೂ ಮರಳಿಲ್ಲ. ಗ್ರಂಥಾಲಯಕ್ಕೆ ತತ್ವಶಾಸ್ತ್ರದ ನಿಯತಕಾಲಿಕಗಳು ನಿಂತು ಯಾವ ಕಾಲವಾಯಿತೋ. ದೆಕಾರ್ತನಿಂದ ಕಾಂಟ್‌ವರೆಗಿನ ಪಠ್ಯಪತ್ರಿಕೆಗಳನ್ನೆಲ್ಲ ಪಾಠ ಮಾಡುವ ತಾತ್ಕಾಲಿಕ ಉಪನ್ಯಾಸಕರಿಗೆ ಸಂಬಳ ಯಾವ ತಿಂಗಳು ಬರುತ್ತದೆಂಬುದನ್ನು ಯಾವ ತತ್ವಜ್ಞಾನಿಯೂ ಹೇಳಲಾರ. ಹೊಸ ಆಡಳಿತ ಕಟ್ಟಡದ ಮುಂದಿನ ಕಾರಂಜಿ ಮಾತ್ರ ಒಂದು ದಿನವೂ ನಿಂತದ್ದಿಲ್ಲ.

ಆದ್ದರಿಂದ ವಿಷಯ ಬಲ್ಲವರನ್ನು ಕೂರಿಸಿ ಸಂದರ್ಶನವನ್ನು ಮತ್ತೆ ನಡೆಸಲಿ. ಅದಾಗದಿದ್ದರೆ ಈ ವಿಷಯ ನಮಗೆ ಬೇಡವೆಂದು ಬಾಯಿಬಿಟ್ಟು ಹೇಳಿ ವಿಭಾಗಕ್ಕೆ ಬೀಗ ಹಾಕಲಿ. ಎರಡೂ ಆಗದೆಂದರೆ, ನಮ್ಮನ್ನು ಅನರ್ಹರೆಂದು ಪತ್ರಿಕೆಗಳಲ್ಲಿ ಸಾರುವ ಮೊದಲು ನಾವು ಸಲ್ಲಿಸಿದ ಕಡತದ ದಾರವನ್ನಾದರೂ ಒಮ್ಮೆ ಬಿಚ್ಚುವಷ್ಟು ನಾಚಿಕೆ ಇಟ್ಟುಕೊಳ್ಳಲಿ.

ಇಂತಿ,
ಹೆಸರು ಪ್ರಕಟಿಸಬಾರದೆಂದು ಕೋರುವ ಓರ್ವ ಅಭ್ಯರ್ಥಿ