ಕೋಲಾರದ ಪಿನ್‌ಕೋಡ್, ತುಮಕೂರಿನ ಪಿನ್‌ಕೋಡ್

ಪ್ರೀತಿಯ ಗೆಳೆಯಾ,

ಅಮ್ಮ ಮಾಡಿದ ಸಂಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೀನಿ. ಡಬ್ಬದ ಮೇಲೆ ಇಲ್ಲಿಯ 563101, ನಿನ್ನ 572101 ಎರಡನ್ನೂ ಬರೆದು ಕ್ಯೂನಲ್ಲಿ ನಿಂತಿದ್ದೆ. ಪೆನ್ನು ಕೈಲಿದ್ದರೆ ಕಂಡ ಸಂಖ್ಯೆಯನ್ನೆಲ್ಲ ಅಪವರ್ತನಗಳಾಗಿ ಒಡೆಯೋ ನನ್ನ ಚಾಳಿ ನಿನಗೆ ಗೊತ್ತೇ ಇದೆಯಲ್ಲ.

ಮೊದಲು ನಮ್ಮ ಕೋಲಾರದ್ದು. ಅಂಚೆಯವರು ಇದನ್ನು ನಡುವೆ ಕತ್ತರಿಸುತ್ತಾರೆ: 563 ವಿಂಗಡಣೆಯ ಜಿಲ್ಲೆ, 101 ಬಟವಾಡೆ ಕಚೇರಿ. 1001 ಅಂದರೆ 7×11×13 ಆದ್ದರಿಂದ, 7 ಮತ್ತು 11ರಿಂದ ಭಾಗ ಹೋಗುತ್ತಾ ಅನ್ನೋ ಪರೀಕ್ಷೆಗೂ ಕತ್ತರಿ ಬೀಳೋದು ಅಲ್ಲೇ. 563ರಲ್ಲಿ 101 ಕಳೆ, 462. ಅದು ಏಳರ ಮಗ್ಗಿಯಲ್ಲೂ ಇದೆ, ಹನ್ನೊಂದರ ಮಗ್ಗಿಯಲ್ಲೂ ಇದೆ. ಹಾಗಾದರೆ 563101 ಕೂಡ ಇರಲೇಬೇಕು.

ಒಡೆಯೋಕೆ ಇದಕ್ಕಿಂತ ಚೆಂದದ ದಾರಿ ಫ್ರೆಂಚ್ ಗಣಿತಜ್ಞ ಫರ್ಮಾ ಅನ್ನುವವನದು. 1643ರಲ್ಲಿ ಒಂದು ಪತ್ರದಲ್ಲೇ ಬರೆದದ್ದು. ಸಂಖ್ಯೆಯ ವರ್ಗಮೂಲಕ್ಕಿಂತ ಸ್ವಲ್ಪ ಮೇಲಿನ ಪೂರ್ಣಾಂಕ ಹಿಡಿದು, ಅದರ ವರ್ಗದಿಂದ ಸಂಖ್ಯೆಯನ್ನು ಕಳೆಯೋದು. ಉಳಿದದ್ದೂ ವರ್ಗವಾದರೆ ಬೀಗ ತೆರೆದಂತೆ. ಇಲ್ಲದಿದ್ದರೆ ಮುಂದಿನ ಪೂರ್ಣಾಂಕ. ಅವನ ಉದಾಹರಣೆ 2027651281 ಬಗ್ಗಿದ್ದು ಹನ್ನೆರಡನೇ ಪೂರ್ಣಾಂಕಕ್ಕೆ. ಕೋಲಾರ ಮೊದಲನೆಯದಕ್ಕೇ! 751ರ ವರ್ಗ 564001, ಕಳೆದರೆ 900, ಅಂದರೆ 30ರ ವರ್ಗ. ಹಾಗಾಗಿ 563101 = (751+30)×(751−30) = 781×721. ಇನ್ನೂ ಒಡೆದರೆ 7×11×71×103.

ನಿನ್ನ ತುಮಕೂರು ಈ ದಾರಿಗೆ ಅಷ್ಟು ಬೇಗ ಜಗ್ಗಲಿಲ್ಲ. ಕೊನೆಗೆ ಮಾಮೂಲಿ ಭಾಗಾಕಾರವೇ ಮಾಡಿದೆ: 17×73×461.

ಈಗ ಈ ಏಳೂ ಅವಿಭಾಜ್ಯಗಳನ್ನು 4ರಿಂದ ಭಾಗಿಸಿ ನೋಡು. ಕೋಲಾರದ ನಾಲ್ಕಕ್ಕೂ ಶೇಷ 3, ತುಮಕೂರಿನ ಮೂರಕ್ಕೂ ಶೇಷ 1. ಒಂದೂ ತಪ್ಪಿಲ್ಲ ಕಣೋ. ಶೇಷ 3 ಉಳಿಸುವ ಅವಿಭಾಜ್ಯವೊಂದು ಬೆಸ ಸಲ ಬಂದರೆ ಆ ಸಂಖ್ಯೆ ಎರಡು ವರ್ಗಗಳ ಮೊತ್ತ ಆಗೋದಿಲ್ಲ. 563101ಕ್ಕೆ ಶೇಷ 1. ಹೊರಗಿನಿಂದ ನೋಡಿದರೆ ಆಗುತ್ತೇನೋ ಅನ್ನಿಸುತ್ತೆ, ಆದರೆ ಆಗಲ್ಲ. ಮೂರು ವರ್ಗ ಬೇಕು: 750² + 24² + 5².

ನಿನ್ನದಕ್ಕೆ ಎರಡೇ ಸಾಕು, ಅದೂ ನಾಲ್ಕು ಬಗೆಯಲ್ಲಿ. 17 = 4²+1², 73 = 8²+3², 461 = 19²+10². ಇಂಥ ಮೊತ್ತಗಳನ್ನು ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತೆ ಅನ್ನೋದು ಬ್ರಹ್ಮಗುಪ್ತನ ಕಾಲದಿಂದಲೂ ಗೊತ್ತು. ಕೂಡಿಸಿ ಕಳೆದು ಮಾಡಿದಾಗ ಸಿಕ್ಕವು:

351² + 670²
426² + 625²
274² + 705²
90² + 751²

ಕೊನೆಯದನ್ನು ಇನ್ನೊಂದು ಸಲ ನೋಡು. ಮತ್ತೆ 751! ಕೋಲಾರ 751² − 30², ತುಮಕೂರು 751² + 90². 1972ರಲ್ಲಿ ಪಿನ್‌ಕೋಡ್ ತಂದವರಿಗೆ ಇದರ ಯೋಚನೆ ಇತ್ತು ಅಂತ ಯಾರೂ ಹೇಳಲಾರರು. ಎರಡರ ಅಂತರ 9000, ಅದು 900 ಮತ್ತು 8100ರ ಮೊತ್ತ, ಅಷ್ಟೇ. ಆದರೂ ಕಾಗದವನ್ನು ಎಸೆಯೋಕೆ ಮನಸ್ಸಾಗಲಿಲ್ಲ.

ನಿನ್ನ ಭಾವ ಚಿಕ್ಕಬಳ್ಳಾಪುರದಲ್ಲಿದ್ದಾರಲ್ಲ, ಅವರ 562101 ಅಂಕಿಗಳ ಮೊತ್ತ 15. ಮೂರರಿಂದ ಹೋಗುತ್ತೆ, ಒಂಬತ್ತರಿಂದ ಹೋಗಲ್ಲ. ಅಂದರೆ 3 ಒಂದೇ ಸಲ ಬರುತ್ತೆ, ಅಲ್ಲಿಗೆ ಅದೂ ಎರಡು ವರ್ಗಗಳ ಮೊತ್ತ ಆಗದ ಕೋಲಾರದ ಪಂಗಡವೇ. ಮೂರರಿಂದ ಭಾಗಿಸಿದರೆ 187367 ಬರುತ್ತೆ. ಅದನ್ನು ನೀನೇ ಒಡಿ, ನನಗೆ ಬಸ್ ಬಂತು.

ನಿನ್ನವನೇ,
ಕೋಲಾರದಿಂದ