ನಮ್ಮ ಶಾಸಕರು ಏನು ಕೇಳಿದರು, ಏನು ಉತ್ತರ ಬಂತು: ಅದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಸದನ ನಡೆಯುವ ದಿನಗಳಲ್ಲಿ ನಿಮ್ಮ ಪತ್ರಿಕೆಯನ್ನು ನಾನು ಒಂದು ಸಾಲು ಬಿಡದೆ ಓದುತ್ತೇನೆ. ಯಾರು ಸಭಾತ್ಯಾಗ ಮಾಡಿದರು, ಯಾರು ಬಾವಿಗಿಳಿದು ಧರಣಿ ಕೂತರು, ಯಾರು ಯಾರಿಗೆ ಏನಂದರು, ಎಲ್ಲ ಸಿಗುತ್ತದೆ. ಆದರೆ ನಮ್ಮ ಯಾದಗಿರಿ, ಕಲಬುರಗಿ, ಬೀದರ್ ಕಡೆಯ ಶಾಸಕರು ಸರ್ಕಾರಕ್ಕೆ ಬರೆದು ಕೇಳಿದ ಪ್ರಶ್ನೆ ಯಾವುದು, ಸಚಿವರು ಬರವಣಿಗೆಯಲ್ಲಿ ಕೊಟ್ಟ ಉತ್ತರ ಏನು ಅನ್ನುವುದು ಸಿಗುವುದಿಲ್ಲ. ಅದಕ್ಕಾಗಿಯೇ ಈ ಪತ್ರ.

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ನನ್ನ ಮಗಳು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಓದಿದಳು. ಒಂಬತ್ತನೇ ತರಗತಿ ಪೂರ್ತಿ ಗಣಿತದ ಮಾಸ್ತರು ಇರಲಿಲ್ಲ. ಹತ್ತನೇ ತರಗತಿಯಲ್ಲಿ ದೀಪಾವಳಿ ಮುಗಿದ ಮೇಲೆ ಒಬ್ಬ ಅತಿಥಿ ಶಿಕ್ಷಕರು ಬಂದರು, ಪಾಪ, ಅವರಿಗೂ ತಿಂಗಳುಗಟ್ಟಲೆ ಸಂಬಳ ಇಲ್ಲ. ನಾವು ಪಾಲಕರು ತೊಗರಿ ರಾಶಿ ಬಿಟ್ಟು ಕಚೇರಿಗೆ ಮೂರು ಸಲ ಅಲೆದೆವು. ಮೂರು ಸಲವೂ ಒಂದೇ ಮಾತು. ಹುದ್ದೆ ಖಾಲಿ ಇದೆ, ಮೇಲಕ್ಕೆ ಬರೆದಿದ್ದೇವೆ, ನೇಮಕಾತಿ ಆಗಬೇಕು.

ಕೊನೆಗೆ ಒಂದು ಹಾಳೆಯಲ್ಲಿ ನಮ್ಮ ಪ್ರಶ್ನೆ ಬರೆದು ಸದನದ ಒಬ್ಬ ಸದಸ್ಯರ ಕೈಗೆ ಕೊಟ್ಟೆವು. ಅವರು ಅದನ್ನು ಲಿಖಿತ ಉತ್ತರಕ್ಕೆ ಕಳಿಸಿದರು. ಯಾವ ಹೈಸ್ಕೂಲಿಗೆ ಯಾವ ವಿಷಯದ ಎಷ್ಟು ಹುದ್ದೆ, ಎಷ್ಟು ಭರ್ತಿ, ಎಷ್ಟು ಖಾಲಿ. ಅಷ್ಟೇ ಪ್ರಶ್ನೆ. ಉತ್ತರದ ಜೊತೆ ಅನುಬಂಧ ಬಂತು. ಅದರಲ್ಲಿ ನಮ್ಮ ಶಾಲೆಯ ಸಾಲಿನಲ್ಲಿ ಗಣಿತದ ಎದುರು ‘ಭರ್ತಿ’ ಅಂತ ಇತ್ತು! ವಿಚಾರಿಸಿದಾಗ ಗೊತ್ತಾಯಿತು, ಮಾಸ್ತರರ ಹೆಸರು ನಮ್ಮ ಶಾಲೆಯಲ್ಲಿ, ಸಂಬಳ ನಮ್ಮ ಶಾಲೆಯ ಹುದ್ದೆ ಮೇಲೆ, ಕೆಲಸ ಮಾತ್ರ ನಿಯೋಜನೆ ಮೇಲೆ ಬೇರೆ ಕಡೆ. ಆ ಹಾಳೆ ಹಿಡಿದುಕೊಂಡು ಹೋದಾಗ ಹುದ್ದೆ ಖಾಲಿ ಇದೆ ಅನ್ನಲು ಯಾರಿಗೂ ಬಾಯಿ ಬರಲಿಲ್ಲ, ಯಾಕೆಂದರೆ ಭರ್ತಿ ಆಗಿದೆ ಅಂತ ಸರ್ಕಾರವೇ ಸದನಕ್ಕೆ ಹೇಳಿಬಿಟ್ಟಿತ್ತು. ಸ್ವಲ್ಪ ದಿನದಲ್ಲಿ ನಿಯೋಜನೆ ರದ್ದಾಯಿತು. ಮಗಳಿಗೆ ಅದು ದಕ್ಕಲಿಲ್ಲ, ಅವಳ ಪರೀಕ್ಷೆ ಅಷ್ಟರಲ್ಲಿ ಮುಗಿದಿತ್ತು. ಈಗಿನ ಎಂಟನೇ ತರಗತಿ ಮಕ್ಕಳಿಗೆ ಗಣಿತ ನಡೆಯುತ್ತಿದೆ.

ಅವತ್ತಿನಿಂದ ನನಗೆ ಈ ಲಿಖಿತ ಪ್ರಶ್ನೆಗಳ ಹುಚ್ಚು ಹಿಡಿದಿದೆ. ಕಚೇರಿಯಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ. ಸದನಕ್ಕೆ ಕೊಟ್ಟ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ತಪ್ಪು ಉತ್ತರವಾದರೂ ಅದು ಸಚಿವರ ಹೆಸರಿನಲ್ಲಿರುವ ತಪ್ಪು. ಅದನ್ನು ಅವರು ಸದನದಲ್ಲೇ ತಿದ್ದಬೇಕಾಗುತ್ತದೆ, ಬೇಕಂತಲೇ ದಾರಿ ತಪ್ಪಿಸಿದ್ದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಮಾತು ಬರುತ್ತದೆ.

ಸದನದ ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಹೇಳುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಟಿವಿಯಲ್ಲಿ ನಾವು ನೋಡುವುದು ಇದನ್ನೇ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರವಣಿಗೆಯಲ್ಲಿ ಮಾತ್ರ ಉತ್ತರ. ಜಾಸ್ತಿ ಕೆಲಸ ಆಗುವುದು ಈ ಎರಡನೆಯದರಲ್ಲಿ. ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಗೆ ಚುಕ್ಕೆ ಗುರುತಿನವು 20, ಲಿಖಿತ ಉತ್ತರದವು 230. ಆ 20ರಲ್ಲೂ ಒಂದು ಗಂಟೆಯಲ್ಲಿ ಕೆಲವೇ ಕೆಲವು ಮುಗಿಯುತ್ತವೆ. ಗದ್ದಲ ಎದ್ದು ಸದನ ಮುಂದಕ್ಕೆ ಹೋದರೆ ಅದೂ ಇಲ್ಲ. ಆದರೆ ಎಷ್ಟೇ ಗದ್ದಲ ಆಗಲಿ, ಲಿಖಿತ ಉತ್ತರ ಮಾತ್ರ ಮಂಡನೆ ಆಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಕೊರೊನಾ ಅಂತ ಸಂಸತ್ತಿನಲ್ಲಿ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟಾಗಲೂ ಲಿಖಿತ ಪ್ರಶ್ನೆ ಉಳಿದಿತ್ತು. ಲಾಕ್‌ಡೌನ್‌ನಲ್ಲಿ ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು ಅಂತ ಕೇಳಿದ್ದಕ್ಕೆ, ಅಂಥ ಮಾಹಿತಿ ಇಟ್ಟಿಲ್ಲ ಅಂತ ಕಾರ್ಮಿಕ ಸಚಿವಾಲಯ ಉತ್ತರ ಕೊಟ್ಟಿದ್ದು ಆ ಅಧಿವೇಶನದಲ್ಲೇ. ಮುಂಬೈ, ಪುಣೆ, ಹೈದರಾಬಾದ್‌ಗೆ ಗುಳೆ ಹೋಗುವ ಮಂದಿ ನಮ್ಮ ಮನೆ ಮನೆಯಲ್ಲಿದ್ದಾರೆ. ಸತ್ತವರ ಲೆಕ್ಕವೇ ಇಲ್ಲ ಅಂತ ಸರ್ಕಾರ ಒಪ್ಪಿಕೊಂಡಿದ್ದು ನಮಗೆ ಸಣ್ಣ ವಿಷಯ ಅಲ್ಲ. ಕೇಳಿದ್ದರಿಂದ ಅದಾದರೂ ಹೊರಗೆ ಬಂತು.

ಆದರೆ ಕೇಳುವ ರೀತಿ ಇದೆಯಲ್ಲ, ಅದರಲ್ಲೇ ಎಲ್ಲ ಇದೆ. ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಅಂತ ಕೇಳಿದರೆ, ಬಂದಿದೆ ಅಂತ ಉತ್ತರ. ಕೈಗೊಂಡ ಕ್ರಮಗಳೇನು ಅಂದರೆ, ಪ್ರಗತಿಯಲ್ಲಿದೆ ಅಂತ ಉತ್ತರ. ಇಬ್ಬರಿಗೂ ಕೆಲಸ ಮುಗಿಯಿತು, ನಮಗೆ ಏನೂ ಸಿಗಲಿಲ್ಲ. ಅದೇ ಶಾಲೆವಾರು, ವಿಷಯವಾರು, ಎಂದಿನಿಂದ ಖಾಲಿ, ನಿಯೋಜನೆ ಮೇಲೆ ಹೋದವರು ಎಷ್ಟು ಅಂತ ಬಿಡಿಸಿ ಕೇಳಿದರೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ, ಶೇ 50.59. 2025ರಲ್ಲಿ ಕಲಬುರಗಿ ಕೊನೆ, ಶೇ 42.43. ಫಲಿತಾಂಶ ಬಂದ ವಾರ ಎಲ್ಲರೂ ಬೇಸರ ಮಾಡಿಕೊಳ್ಳುತ್ತಾರೆ, ಮಕ್ಕಳನ್ನು, ಮಾಸ್ತರರನ್ನು ಬಯ್ಯುತ್ತಾರೆ. ನಪಾಸಾದ ಮಕ್ಕಳ ಶಾಲೆಯಲ್ಲಿ ಆ ವರ್ಷ ಯಾವ ವಿಷಯಕ್ಕೆ ಯಾರೂ ಇರಲಿಲ್ಲ ಅಂತ ಲೆಕ್ಕ ಕೇಳಿದರೆ ಬಯ್ಗುಳ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷದ ಮೇಲಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಯಾವ ಊರಿನ ಶಾಲೆಗೆ ಎಷ್ಟು ಕೊಠಡಿ ಮಂಜೂರಾಯಿತು, ಎಷ್ಟು ಮುಗಿಯಿತು, ಬಿಲ್ ಯಾವಾಗ ಆಯಿತು ಅಂತಲೂ ಹೀಗೇ ಕೇಳಬಹುದು ಅಲ್ವಾ?

ಉತ್ತರ ಸರಿಯಿಲ್ಲದಿದ್ದರೆ ಬಿಡಬಾರದು. 1957ರಲ್ಲಿ ಎಲ್‌ಐಸಿಯ ಹಣ, ಸುಮಾರು 1.24 ಕೋಟಿ ರೂಪಾಯಿ, ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಿಗೆ ಹೋದ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಎದ್ದಿತು. ಸರ್ಕಾರದ ಉತ್ತರ ಸರಿ ಕಾಣಲಿಲ್ಲ. ಸಂಸದ ಫಿರೋಜ್ ಗಾಂಧಿ ಬೆನ್ನು ಹತ್ತಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ನಡೆದು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಆಡಳಿತ ಪಕ್ಷದವರು, ಪ್ರಧಾನಿ ನೆಹರೂ ಅವರ ಅಳಿಯ. ಇದನ್ನು ನಾನು ಯಾಕೆ ಹೇಳುತ್ತೇನೆಂದರೆ, ನಮ್ಮದೇ ಸರ್ಕಾರ ಇದೆ, ಹೇಗೆ ಕೇಳೋದು ಅಂತ ಹಿಂಜರಿಯುವ ಶಾಸಕರು ನಮ್ಮಲ್ಲಿ ಪ್ರತಿ ಸರ್ಕಾರದಲ್ಲೂ ಇರುತ್ತಾರೆ. ಯಾರದೇ ಸರ್ಕಾರ ಇರಲಿ, ಮಕ್ಕಳು ನಮ್ಮವರೇ. ಇನ್ನು, ಮಾಹಿತಿ ಸಂಗ್ರಹಿಸಿ ಒದಗಿಸಲಾಗುವುದು ಅಂತ ಸಚಿವರು ಹೇಳಿದರೆ ಅದು ಸದನಕ್ಕೆ ಕೊಟ್ಟ ಭರವಸೆ. ಅದನ್ನು ನೋಡಿಕೊಳ್ಳಲು ಭರವಸೆಗಳ ಸಮಿತಿ ಇದೆ. ಆ ಸಮಿತಿ ಮುಂದೆ ನಮ್ಮ ಜಿಲ್ಲೆಗಳ ಯಾವ ಭರವಸೆ ಬಾಕಿ ಇದೆ ಅಂತ ಯಾರಾದರೂ ನೆನಪಿಸುತ್ತಿರಬೇಕು.

ಬೀದರ್‌ನ 6, ಕಲಬುರಗಿಯ 9, ಯಾದಗಿರಿಯ 4, ಒಟ್ಟು 19 ವಿಧಾನಸಭಾ ಕ್ಷೇತ್ರ ನಮ್ಮವು. ಅವರಲ್ಲಿ ಸಚಿವರಾದವರು ಉತ್ತರ ಕೊಡುವ ಕಡೆ ಕೂತಿರುತ್ತಾರೆ. ಉಳಿದವರೆಲ್ಲ ಕೇಳಬಹುದು. ವಿಧಾನ ಪರಿಷತ್ತಿನಲ್ಲಿ ಈಶಾನ್ಯ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರದ ಸದಸ್ಯರೂ ಇದ್ದಾರೆ. ಅವರು ಕೇಳುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಕೇಳುವವರು ಖಂಡಿತ ಇದ್ದಾರೆ. ಕೇಳಿದ್ದು ಊರಿಗೆ ತಲುಪುವುದಿಲ್ಲ, ಅದೇ ನನ್ನ ಸಂಕಟ. ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಇರುತ್ತವೆ ನಿಜ. ಆದರೆ ನಾನು ತೆರೆದು ನೋಡಿದ ಎಷ್ಟೋ ಕಡತಗಳು ಸ್ಕ್ಯಾನ್ ಮಾಡಿದ ಹಾಳೆಗಳು, ಊರ ಹೆಸರು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ, ಒಂದೊಂದೇ ಪುಟ ತಿರುವಬೇಕು. ಹೊಲಕ್ಕೆ ಹೋಗುವವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಹಾಗಾಗಿ ಬರುವ ಅಧಿವೇಶನದಿಂದ ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಕಾಲಂ ಜಾಗ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಪ್ರಶ್ನೆ ಕೇಳಿದ ಸದಸ್ಯರ ಹೆಸರು, ಪ್ರಶ್ನೆ, ಉತ್ತರ, ಸಾಕು. ಅನುಬಂಧದಲ್ಲಿ ಊರುಗಳ ಪಟ್ಟಿ ಇದ್ದರೆ ಅದನ್ನೂ ಹಾಕಿ, ಓದಿದವರು ತಮ್ಮ ಊರಿನ ಸಾಲು ನಿಜವೋ ಸುಳ್ಳೋ ಅಂತ ನಿಮಗೇ ಬರೆದು ತಿಳಿಸುತ್ತಾರೆ. ಕಡತ ಹುಡುಕಿ, ನಮ್ಮ ಮೂರು ಜಿಲ್ಲೆಯವನ್ನು ಬೇರೆ ಮಾಡಿ ಕೊಡಲು ನಾನು ಮತ್ತು ನಮ್ಮೂರಿನ ಇಬ್ಬರು ಕಾಲೇಜು ಹುಡುಗರು ತಯಾರಿದ್ದೇವೆ. ನೀವು ಹೂಂ ಅಂದರೆ ಈ ಭಾನುವಾರದಿಂದಲೇ ಶುರು ಮಾಡುತ್ತೇವೆ.

ಇಂತಿ,
ಒಬ್ಬ ಪಾಲಕ
ಯಾದಗಿರಿ ಜಿಲ್ಲೆ