ಗುಡ್ಡಗಾಡು ಓಟಕ್ಕೆ ಒಂದು ಕಾಲುದಾರಿ ಬೇಕು

ಮಾನ್ಯ ಸಂಪಾದಕರೇ,

ನಾನು ಬೆಳಗಾವಿಯ ಹೈಸ್ಕೂಲೊಂದರಲ್ಲಿ 29 ವರ್ಷ ಪಿ.ಟಿ. ಟೀಚರ್ ಆಗಿದ್ದೆ. ಖೋಖೋ, ಕಬಡ್ಡಿ ಎಲ್ಲಾ ಕಲಿಸಿದೆ. ಆದರೆ ನನ್ನ ಜೀವ ಇದ್ದದ್ದು ಗುಡ್ಡಗಾಡು ಓಟದಲ್ಲಿ. ಹೆಸರಿನಲ್ಲೇ ಗುಡ್ಡ ಇದೆ. ಆದರೂ ಅಷ್ಟು ವರ್ಷ ನನ್ನ ಹುಡುಗಿಯರನ್ನು ನಾನು ಓಡಿಸಿದ್ದು ಡಾಂಬರು ರಸ್ತೆಯ ಅಂಚಿನಲ್ಲಿ.

ತಾಲೂಕು ಕ್ರೀಡಾಕೂಟಕ್ಕೆ ಇನ್ನು ಒಂದು ವಾರ ಇತ್ತು. ಬೆಳಿಗ್ಗೆ ಆರೂವರೆ. ಯಳ್ಳೂರು ರಸ್ತೆಯಲ್ಲಿ ಒಂದು ಟಂಟಂ ನಮ್ಮ ಸಾಲಿಗೆ ಒರಸಿಕೊಂಡೇ ಹೋಯಿತು. ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಹುಡುಗಿ ಪಕ್ಕದ ಕಡಿ ಮೇಲೆ ಬಿದ್ದಳು. ಮೊಣಕೈ ಕಿತ್ತು ರಕ್ತ ಬಂತು. "ಟೀಚರ್, ನಾಳಿ ಬರ್ತೀನ್ರಿ" ಅಂದಳು. ಮರುದಿನ ಅವರಪ್ಪ ಕಳಿಸಲಿಲ್ಲ. ಅವರನ್ನು ಹೇಗೆ ತಪ್ಪು ಅನ್ನಲಿ? ಆ ಹುಡುಗಿ ಮತ್ತೆ ಓಡಲೇ ಇಲ್ಲ. ನನಗೆ ಇವತ್ತಿಗೂ ಅದು ಹೊಟ್ಟೆಯಲ್ಲಿ ಉಳಿದಿದೆ.

ಹೋದ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದೆ. ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಅನ್ನುವ ಕಡೆ, ಡಾರ್ಕಿಂಗ್ ಅಂತ ಊರು. ಸುತ್ತ ಗುಡ್ಡ, ಗುಡ್ಡದ ತುಂಬ ಕಾಡು. ಇಂಗ್ಲೆಂಡಿನಲ್ಲೇ ಅತಿ ಜಾಸ್ತಿ ಮರ ಇರುವ ಸೀಮೆಯಂತೆ ಅದು. ನನಗೆ ಬೆಳಿಗ್ಗೆ ಎದ್ದು ಓಡದಿದ್ದರೆ ಮೈ ಕೇಳುವುದಿಲ್ಲ. ಪರದೇಶ, ದಾರಿ ಗೊತ್ತಿಲ್ಲ ಅಂತ ಮೊದಲ ಎರಡು ದಿನ ಬಾಗಿಲಲ್ಲೇ ನಿಂತೆ. ಮಗಳು ಹೇಳಿದಳು: "ಅವ್ವಾ, ಕಂಬದ ಮ್ಯಾಲಿನ ಹಳದಿ ಬಾಣ ನೋಡ್ಕೊಂತ ಹೋಗು, ದಾರಿ ತಪ್ಪಂಗಿಲ್ಲ."

ಆ ಬಾಣ ನನ್ನ ಅಂಗೈಯಷ್ಟು. ಮರದ ಗೂಟಕ್ಕೆ ಹೊಡೆದ ದುಂಡನೆಯ ಬಿಲ್ಲೆ, ಅದರ ಮೇಲೆ ಹಳದಿ ಬಾಣ. ದಾರಿ ಕವಲೊಡೆಯುವ ಕಡೆ, ಬೇಲಿ ದಾಟುವ ಕಡೆ ನೋಡಿದರೆ ಸಿಗುತ್ತದೆ. ಹಳದಿ ಅಂದರೆ ಕಾಲ್ನಡಿಗೆಯವರಿಗೆ ಮಾತ್ರ. ನೀಲಿ ಇದ್ದರೆ ಕುದುರೆ, ಸೈಕಲ್ಲೂ ಬರಬಹುದು. ಇಷ್ಟೇ ವ್ಯವಸ್ಥೆ. ಇದನ್ನು ನಂಬಿಕೊಂಡು ನಾನು ಎರಡೂವರೆ ತಿಂಗಳು ಒಬ್ಬಳೇ ಕಾಡಿನಲ್ಲಿ ಓಡಿದೆ.

ನನಗೆ ಅತಿ ಇಷ್ಟವಾದದ್ದು ಲೀತ್ ಹಿಲ್ ಕಡೆಯ ಹಾದಿ. ಅದು ಮರಳುಗಲ್ಲಿನ ಗುಡ್ಡ. ನೂರಾರು ವರ್ಷ ಗಾಡಿ ಓಡಾಡಿ ಅಲ್ಲಿನ ಹಳೆಯ ದಾರಿಗಳು ಆಳಕ್ಕೆ ಇಳಿದಿವೆ. ಎರಡೂ ಕಡೆ ದಂಡೆ ನನ್ನ ತಲೆಗಿಂತ ಎತ್ತರ, ಅದರಿಂದ ಬೀಚ್ ಮರದ ಬೇರುಗಳು ಹಗ್ಗದ ಹಾಗೆ ಹೊರಗೆ ಬಂದಿವೆ. ಮಳೆಗಾಲ ಮುಗಿದ ಮೇಲೆ ಜಾಂಬೋಟಿ ಕಡೆ ಕೆಂಪು ಮಣ್ಣಿನ ದಾರಿ ಹೀಗೇ ಕಾಣುತ್ತದೆ, ಅಲ್ವಾ? ಮೇ ತಿಂಗಳ ಮೊದಲಲ್ಲಿ ಮರದ ಕೆಳಗೆ ನೀಲಿ ಗಂಟೆ ಹೂ ಹಾಸಿತ್ತು. ತಗ್ಗಿನ ಕಡೆ ಕಾಡು ಬೆಳ್ಳುಳ್ಳಿಯ ವಾಸನೆ. ಒಗ್ಗರಣೆಯೇ ನೆನಪಾಯಿತು! ಬಾಕ್ಸ್ ಹಿಲ್‌ಗೂ ಹೋದೆ. ಅದು ಸುಣ್ಣದ ಕಲ್ಲಿನ ಗುಡ್ಡ, ಮಳೆ ಬಿದ್ದರೆ ಸಾಬೂನು ಹಚ್ಚಿದಂತೆ ಜಾರುತ್ತದೆ. ಅಲ್ಲಿ ನಾನು ಓಡಲಿಲ್ಲ, ನಡೆದೆ.

ಲೀತ್ ಹಿಲ್ ಎತ್ತರ 294 ಮೀಟರ್. ತುದಿಯಲ್ಲಿ 18ನೇ ಶತಮಾನದ ಒಂದು ಗೋಪುರ ಇದೆ. ನಮ್ಮ ಬೆಳಗಾವಿ ಊರೇ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಗುಡ್ಡಕ್ಕೆ, ಗಾಳಿಗೆ, ತಂಪಿಗೆ ನಮಗೇನೂ ಕಡಿಮೆ ಇಲ್ಲ. ಕಡಿಮೆ ಇರುವುದು ಆ ಗೂಟ, ಆ ಬಾಣ.

ಒಂದು ದಿನ ಹಾದಿ ನೇರವಾಗಿ ಒಬ್ಬ ರೈತನ ಬಾರ್ಲಿ ಹೊಲದ ನಡುವೆ ಹೋಯಿತು. ನಾನು ಹಿಂಜರಿದು ನಿಂತೆ. ಬೆಳೆದ ಪೈರು ತುಳಿಯಲು ಮನಸ್ಸು ಬರುತ್ತದೆಯೇ? ನೋಡಿದರೆ ನಡುವೆ ಮೊದಲೇ ಬೈತಲೆ ತೆಗೆದ ಹಾಗೆ ಕಾಲುದಾರಿ ಬಿಟ್ಟಿದ್ದಾರೆ. ಅಲ್ಲಿನ ಕಾನೂನೇ ಹಾಗಂತೆ. ಹೊಲದ ನಡುವಿನ ಇಂಥ ದಾರಿಯನ್ನು ರೈತ ಉತ್ತರೂ 14 ದಿನದೊಳಗೆ ಮತ್ತೆ ಹಸನು ಮಾಡಿಕೊಡಬೇಕು, ಕನಿಷ್ಠ 1 ಮೀಟರ್ ಅಗಲ ಇರಬೇಕು. ನಡೆಯುವವರಿಗೂ ನೇಮ ಉಂಟು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು, ದನ ಕುರಿ ಇರುವಲ್ಲಿ ನಾಯಿಯನ್ನು ಹಿಡಿದುಕೊಳ್ಳಬೇಕು. ಹೊಲ ರೈತನದೇ, ನಡೆಯುವ ಹಕ್ಕು ಮಾತ್ರ ಎಲ್ಲರದು.

ಇದು ಅಲ್ಲಿನವರಿಗೂ ಸುಮ್ನೆ ಸಿಕ್ಕಿದ್ದಲ್ಲ. 1932ರ ಏಪ್ರಿಲ್ 24ರಂದು ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ನೂರಾರು ಜನ ನಿಷೇಧ ಮೀರಿ ಹತ್ತಿದರು. ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕ ಹುಡುಗರೇ ಹೆಚ್ಚು. ಅವರಲ್ಲಿ ಐದು ಜನ ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು. ಊರೂರಿನ ಕಾಲುದಾರಿಗಳನ್ನೆಲ್ಲ ಗುರುತಿಸಿ ನಕ್ಷೆಯಲ್ಲಿ ಬರೆಯಬೇಕು ಅಂತಾಯಿತು. ಇವತ್ತು ಅಂಗಡಿಯಲ್ಲಿ ಸಿಗುವ ನಕ್ಷೆಯಲ್ಲಿ 4 ಸೆಂಟಿಮೀಟರ್ ಅಂದರೆ 1 ಕಿಲೋಮೀಟರ್. ಕಾಲುದಾರಿಗಳೆಲ್ಲ ಹಸಿರು ತುಂಡು ಗೆರೆಗಳು. ಮಗಳ ಮನೆಯ ಊಟದ ಮೇಜಿನ ಮೇಲೆ ಅದನ್ನು ಹರಡಿ ನಾಳಿನ ಓಟವನ್ನು ರಾತ್ರಿಯೇ ಬೆರಳಿನಿಂದ ಓಡಿ ಮುಗಿಸುತ್ತಿದ್ದೆ.

ನಮ್ಮಲ್ಲಿ ನಕ್ಷೆ ಇಲ್ಲವೇ? ಇದೆ. ಪ್ರತಿ ಹಳ್ಳಿಯ ಗ್ರಾಮ ನಕ್ಷೆಯಲ್ಲಿ ಚಕ್ಕಡಿ ದಾರಿ, ಕಾಲುದಾರಿ ಅಂತ ಗೆರೆ ಎಳೆದೇ ಇಟ್ಟಿದ್ದಾರೆ. ನಕಾಶೆ ಕಂಡ ದಾರಿ ಅಂತ ನಮ್ಮ ರೈತರೇ ಕರೆಯುತ್ತಾರೆ. ಆದರೆ ಆ ಹಾಳೆ ಕಚೇರಿಯ ಕಪಾಟಿನಲ್ಲಿದೆ, ನೆಲದ ಮೇಲೆ ಗುರುತು ಇಲ್ಲ. ಹೀಗಾಗಿ ದಾರಿ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅನಗೋಳದಾಚೆ ಭತ್ತದ ಗದ್ದೆಗಳ ನಡುವೆ ನಾನು ಚಿಕ್ಕವಳಿದ್ದಾಗ ಅಪ್ಪನ ಚಕ್ಕಡಿ ಹಿಂದೆ ಓಡುತ್ತಿದ್ದ ಒಂದು ದಾರಿ ಇತ್ತು. ಇಂಗ್ಲೆಂಡಿನಿಂದ ಬಂದ ಮೇಲೆ ಅಲ್ಲಿಗೇ ಓಡಲು ಹೋದೆ. ಅರ್ಧ ದಾರಿಗೆ ಮುಳ್ಳುತಂತಿ, ಆಚೆ ಪ್ಲಾಟಿನ ಕಲ್ಲು. ತಂತಿ ಹಿಡಿದು ಸ್ವಲ್ಪ ಹೊತ್ತು ನಿಂತು ವಾಪಸ್ ಬಂದೆ.

ನಾನು ಭೀಮಗಡದ ಅಭಯಾರಣ್ಯದಲ್ಲಿ ಓಡಲು ಬಿಡಿ ಅಂತ ಕೇಳುತ್ತಿಲ್ಲ. ಅದು ಪ್ರಾಣಿಗಳ ಮನೆ, ಅದನ್ನು ಹಾಗೇ ಬಿಡೋಣ. ನಾನು ಕೇಳುವುದು ಒಂದೇ ಒಂದು ಹಾದಿ. ಯಳ್ಳೂರಿನ ಗದ್ದೆ ಬದುಗಳಿಂದ ರಾಜಹಂಸಗಡದ ಬುಡದವರೆಗೆ, ಡಾಂಬರು ಮುಟ್ಟದ ಹಾದಿ. ಗ್ರಾಮ ನಕ್ಷೆಯಲ್ಲಿ ಇರುವ ದಾರಿಯನ್ನೇ ಸರ್ವೆಯವರು ಅಳೆದು ತೋರಿಸಲಿ. ಗ್ರಾಮ ಪಂಚಾಯಿತಿಯವರು ಆ ಹೊಲದ ರೈತರನ್ನು ಕೂರಿಸಿಕೊಂಡು ಮಾತಾಡಲಿ, ಅವರ ಬೆಳೆಗೆ ತೊಂದರೆ ಆಗದಂತೆ ನೋಡಲಿ. ಆಮೇಲೆ ಕವಲಿಗೊಂದು ಗೂಟ, ಗೂಟಕ್ಕೊಂದು ಬಾಣ. ಇದಕ್ಕೆ ದೊಡ್ಡ ಯೋಜನೆ ಬೇಡ, ಉದ್ಘಾಟನೆಯೂ ಬೇಡ.

ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಸ್ವಲ್ಪ ಬಿಟ್ಟ ಕೂಡಲೇ ಗುಡ್ಡಗಾಡು ಓಟಕ್ಕೆ ಹುಡುಗಿಯರನ್ನು ಆರಿಸುತ್ತಾರೆ. ಅಷ್ಟರಲ್ಲಿ ಆಗುವ ಕೆಲಸ ಇದು. ಬಣ್ಣ, ಬ್ರಷ್ ನಾನು ತರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿಯರು ಹತ್ತು ಜನ ಭಾನುವಾರ ಬರುತ್ತೇವೆ ಅಂದಿದ್ದಾರೆ. ದಾರಿ ಯಾವುದು ಅಂತ ನಕ್ಷೆ ಹಿಡಿದು ತೋರಿಸುವವರು ಒಬ್ಬರು ಬಂದರೆ ಸಾಕು.

— ನಿವೃತ್ತ ದೈಹಿಕ ಶಿಕ್ಷಕಿ, ಅನಗೋಳ, ಬೆಳಗಾವಿ